ಆರ್ವಿನ್ ಟ್ರೆಪ್ಟೋನ ಓಕ್ ಅಂಚಿನ ಪೆಟ್ಟಿಗೆ

ಒಟ್ಟರ್ ಬೆಂಡ್ ಊರಿನ ಆರ್ವಿನ್ ಟ್ರೆಪ್ಟೋ ಐವತ್ತಮೂರು ವರ್ಷ ಯಾರ ತಂಟೆಗೂ ಹೋಗದೆ ಬದುಕಿದ ಮನುಷ್ಯ. ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಅವನಿಗೆ ಕೆಲಸ. ಯಾವ ರಸ್ತೆಯಲ್ಲಿ ಎಷ್ಟು ಗುಂಡಿ ಬಿದ್ದಿದೆ ಎಂದು ಬರೆದಿಡುವುದು ಅವನ ಪಾಲಿಗೆ, ಗುಂಡಿ ಮುಚ್ಚುವುದು ಬೇರೆಯವರ ಪಾಲಿಗೆ. ಆ ಬೇರೆಯವರು ನಿಧಾನಸ್ಥರಾದ್ದರಿಂದ ಆರ್ವಿನ್ನನ ಕೆಲಸ ಭದ್ರವಾಗಿತ್ತು. ಇಂಥವನ ತಲೆಯೊಳಗೆ ಆ ವರ್ಷ ಆಗಸ್ಟಿನಲ್ಲಿ ಒಂದು ಹುಳ ಹೊಕ್ಕಿತು.

ಹುಳ ಬಿಟ್ಟವನು ಹೆಂಡತಿಯ ತಮ್ಮ ಕರ್ಟ್. ಮಿಲ್ವಾಕೀಯಲ್ಲಿರುವ ಅವನ ಮನೆಗೆ ಊಟಕ್ಕೆ ಹೋದಾಗ ಕರ್ಟ್ ಎಲ್ಲರನ್ನೂ ಗ್ಯಾರೇಜಿಗೆ ಕರೆದೊಯ್ದು ಒಂದು ಉದ್ದನೆಯ ಡೀಪ್ ಫ್ರೀಜರ್ ತೋರಿಸಿದ. ಮೀನು, ಮಾಂಸ ತುಂಬಿಡುವ ಮಾಮೂಲು ಪೆಟ್ಟಿಗೆಯೇ. ಆದರೆ ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಮರದ ಚೌಕಟ್ಟು ಕೂರಿಸಿ, ಅದಕ್ಕೆ ನಾಲ್ಕು ಹಿತ್ತಾಳೆ ನಲ್ಲಿ ಜೋಡಿಸಿದ್ದ. ಒಳಗೆ ಮನೆಯಲ್ಲೇ ಮಾಡಿದ ಬಿಯರಿನ ಪೀಪಾಯಿಗಳು, ಬಿಯರನ್ನು ನಲ್ಲಿಗೆ ತಳ್ಳುವ ಗ್ಯಾಸಿನ ಸಿಲಿಂಡರು ತಣ್ಣಗೆ ನಿಂತಿದ್ದವು. ನಲ್ಲಿ ಎಳೆದರೆ ಬಿಯರು. ಬಂದವರೆಲ್ಲ ಕರ್ಟ್‌ನ ಬೆನ್ನು ತಟ್ಟಿದರು. ಆರ್ವಿನ್ನನ ಹೆಂಡತಿ ಡಾರ್ಲಾ ತನ್ನ ತಮ್ಮನನ್ನು ಎಷ್ಟು ಹೆಮ್ಮೆಯಿಂದ ನೋಡಿದಳೆಂದರೆ, ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆ ನೋಟ ಗಂಡನ ಕಡೆ ಒಮ್ಮೆಯೂ ತಿರುಗಿದ್ದಿಲ್ಲ.

"ನಾನೂ ಒಂದು ಮಾಡ್ತೀನಿ," ಎಂದ ಆರ್ವಿನ್.

"ಬಿಡಪ್ಪಾ, ಇದು ನಿನ್ನ ಕೈಲಿ ಆಗೋದಲ್ಲ," ಎಂದ ಕರ್ಟ್. "ನೀನು ಮಾಡಿದ ಹಕ್ಕಿಗೂಡಲ್ಲಿ ಹಕ್ಕಿ ಸಿಕ್ಕಾಕ್ಕೊಂಡು, ಬಿಡಿಸೋಕೆ ಫೈರ್ ಇಂಜಿನ್ ಬರಬೇಕಾಯ್ತು, ನೆನಪಿದೆಯಾ?"

ಎಲ್ಲರೂ ನಕ್ಕರು. ಡಾರ್ಲಾ ಎಲ್ಲರಿಗಿಂತ ತುಸು ಹೆಚ್ಚೇ ನಕ್ಕಳು.

ಅಕ್ಟೋಬರಿನಲ್ಲಿ ಡಾರ್ಲಾಳ ಅಕ್ಕನಿಗೆ ಮಂಡಿಯ ಆಪರೇಷನ್ ಆಯಿತು. ಅಕ್ಕನನ್ನು ನೋಡಿಕೊಳ್ಳಲು ಡಾರ್ಲಾ ಮೂರು ವಾರಕ್ಕೆಂದು ಡುಲುತ್‌ಗೆ ಹೊರಟಳು. ಅವಳ ಕಾರು ಬೀದಿಯ ತಿರುವು ದಾಟುವುದೇ ತಡ, ಆರ್ವಿನ್ ಗ್ಯಾರೇಜಿಗೆ ಹೋಗಿ ತಮ್ಮ ಮನೆಯ ಡೀಪ್ ಫ್ರೀಜರಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತ. ಹೆಂಡತಿ ಹಿಂದಿರುಗಿದ ದಿನ ಅವಳ ಕೈಗೆ ತಣ್ಣನೆಯ ಒಂದು ಲೋಟ ಕೊಡಬೇಕು; ಅವಳು "ಇದೆಲ್ಲಿಯದು?" ಎನ್ನಬೇಕು; ತಾನು ಏನೂ ಹೇಳದೆ ನಲ್ಲಿಯ ಕಡೆ ಬೆರಳು ತೋರಬೇಕು. ಇದಿಷ್ಟೂ ಅವನ ಕಣ್ಣಿಗೆ ಕಟ್ಟಿತು. ಅಲ್ಲಿಯವರೆಗೆ ಯಾರಿಗೂ ಸುಳಿವು ಕೊಡಬಾರದು ಎಂದೂ ನಿಶ್ಚಯಿಸಿದ. ಕರ್ಟ್‌ನ ಕಿವಿಗೆ ಬಿದ್ದರೆ ಮಿಲ್ವಾಕೀವರೆಗೂ ನಗುತ್ತಾರೆ.

ಫ್ರೀಜರಿನಲ್ಲಿ ಹಿಂದಿನ ವರ್ಷ ಡಾರ್ಲಾಳೇ ಹೊಡೆದ ಜಿಂಕೆ ಪೊಟ್ಟಣ ಪೊಟ್ಟಣವಾಗಿ ಮಲಗಿತ್ತು. ಅದನ್ನು ಖಾಲಿ ಮಾಡದೆ ಕೆಲಸ ಶುರುವಾಗುವಂತಿಲ್ಲ. ಆರ್ವಿನ್ ಪೊಟ್ಟಣಗಳನ್ನು ಎರಡು ಕೈತುಂಬ ಹೊತ್ತು ಪಕ್ಕದ ಮನೆಯ ವಿಧವೆ ಮಿಸೆಸ್ ಲುಬೆಕ್‌ಳ ಬಾಗಿಲು ತಟ್ಟಿದ. ಆಕೆಗೆ ಎಪ್ಪತ್ತಾರು ವರ್ಷ, ಕಿವಿ ಮಾತ್ರ ಹದಿನಾರರದು.

"ಇದನ್ನ ಇಟ್ಕೊಳ್ಳಿ ಮಿಸೆಸ್ ಲುಬೆಕ್. ನನಗಿನ್ನು ಬೇಕಾಗಲ್ಲ."

ಆರ್ವಿನ್ ಯಾರಿಗೂ ಏನನ್ನೂ ಕೊಟ್ಟ ಉದಾಹರಣೆ ಆ ಬೀದಿಯಲ್ಲಿರಲಿಲ್ಲ. ಹಿಮ ಬಾಚುವ ಸಲಿಕೆ ಕೇಳಿದರೂ "ಹಿಡಿ ಸಡಿಲ ಆಗಿದೆ" ಎನ್ನುವವನು. ಮಿಸೆಸ್ ಲುಬೆಕ್ ಅವನ ಮುಖವನ್ನೇ ದಿಟ್ಟಿಸಿದಳು. ಹಿಂದಿನ ವಾರವೆಲ್ಲ ಗುಟ್ಟಾಗಿ ಬಿಯರ್ ಮಾಡುವ ವಿಧಾನ ಓದಿ ಓದಿ ಅವನ ಕಣ್ಣು ಕೆಂಪಾಗಿತ್ತು.

"ಯಾಕೆ ಬೇಕಾಗಲ್ಲ? ಡಾರ್ಲಾಗೆ ಗೊತ್ತಾ?"

"ಗೊತ್ತಿಲ್ಲ. ನೀವೂ ಹೇಳಬೇಡಿ, ದಮ್ಮಯ್ಯ. ನನಗೆ ಇರೋದು ಮೂರೇ ವಾರ. ಅವಳು ಬರೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ."

ಹೀಗೆಂದು ಆರ್ವಿನ್ ಗುಟ್ಟು ಕಾಪಾಡಿದ ತೃಪ್ತಿಯಲ್ಲಿ ಮನೆಗೆ ಬಂದ. ಮಿಸೆಸ್ ಲುಬೆಕ್ ಬಾಗಿಲು ಹಾಕಿಕೊಂಡು ಕುರ್ಚಿಯ ಮೇಲೆ ಕುಸಿದಳು. ಮಾಂಸವನ್ನು ಮೊದಲು ಫ್ರಿಜ್ಜಿಗೆ ಹಾಕಿಯೇ ಕುಸಿದಳು ಅನ್ನಿ.

ಮರುದಿನ ಆರ್ವಿನ್ ಓಕ್ ಮರದ ನಾಲ್ಕು ಹಲಗೆ ತಂದ. ಕರ್ಟ್ ಬಳಸಿದ್ದು ಬರೀ ಪೈನ್ ಮರ, ಅದಕ್ಕೇ ಓಕ್. ಗ್ಯಾರೇಜಿನ ಬಾಗಿಲು ಅರ್ಧ ತೆರೆದು, ಪೆಟ್ಟಿಗೆಯ ಉದ್ದಗಲ ಅಳೆದ. ಹಲಗೆ ಕೊಯ್ದ, ಉಜ್ಜಿದ, ಬಣ್ಣದೆಣ್ಣೆ ಹಚ್ಚಿದ, ಮತ್ತೆ ಉಜ್ಜಿದ. ಮಿಸೆಸ್ ಲುಬೆಕ್‌ಳ ಅಡುಗೆಮನೆಯ ಕಿಟಕಿ ನೇರ ಆ ಬಾಗಿಲಿಗೆ ತೆರೆದುಕೊಳ್ಳುತ್ತದೆ. ಒಬ್ಬ ಮನುಷ್ಯ ಒಂದು ಉದ್ದನೆಯ ಬಿಳಿ ಪೆಟ್ಟಿಗೆಗೆ ಓಕ್ ಅಂಚು ಕಟ್ಟಿ, ಕೈಯಿಂದ ಸವರಿ ಸವರಿ ನೋಡುವುದನ್ನು ಆಕೆ ನಾಲ್ಕು ದಿನ ನೋಡಿದಳು. ಪಾತ್ರೆ ತೊಳೆಯಲು ಇಷ್ಟು ಹೊತ್ತು ಆಕೆ ಜನ್ಮದಲ್ಲಿ ತೆಗೆದುಕೊಂಡಿರಲಿಲ್ಲ.

ಐದನೆಯ ದಿನ ಚೌಕಟ್ಟಿನ ಒಳಸಂದುಗಳಿಗೆ ಅಂಟು ತುಂಬಬೇಕಾಯಿತು. ಗಾಳಿ ಸೋರಿದರೆ ತಣ್ಣಗಾಗುವುದಿಲ್ಲ. ಆರ್ವಿನ್ ಗಿಡ್ಡ; ಹೊರಗಿನಿಂದ ಬಗ್ಗಿದರೆ ಮೂಲೆಗೆ ಕೈ ಎಟುಕಲಿಲ್ಲ. ಆದ್ದರಿಂದ ಪೆಟ್ಟಿಗೆಯೊಳಗೇ ಇಳಿದು, ಮಂಡಿ ಮಡಚಿ ಅಂಗಾತ ಮಲಗಿ ಅಂಟು ಹಚ್ಚಿದ. ಅಂಟಿನ ವಾಸನೆಗೆ ತಲೆ ತಿರುಗಿದಂತಾಗಿ, ಎದೆಯ ಮೇಲೆ ಕೈ ಜೋಡಿಸಿ ಐದು ನಿಮಿಷ ಕಣ್ಣು ಮುಚ್ಚಿದ. ಮಿಸೆಸ್ ಲುಬೆಕ್ ಆಗ ಚೆನ್ನಾಗಿ ಕಾಣಲೆಂದು ಸ್ಟೂಲಿನ ಮೇಲೆ ಹತ್ತಿದ್ದಳು. ಪೆಟ್ಟಿಗೆ ತನ್ನ ಮೈಯಳತೆಗೆ ಸರಿಯಿದೆಯೇ ಎಂದು ಆರ್ವಿನ್ ಮಲಗಿ ನೋಡುತ್ತಿದ್ದಾನೆ ಎಂಬುದರಲ್ಲಿ ಆಕೆಗೆ ಸಂಶಯವೇ ಉಳಿಯಲಿಲ್ಲ.

ಆಕೆ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಡಾರ್ಲಾಗೆ ಹೇಳಬೇಡಿ ಎಂದಿದ್ದ, ಹೇಳಲಿಲ್ಲ. ಬುಧವಾರ ಚರ್ಚಿನಲ್ಲಿ ಕೌದಿ ಹೊಲಿಯುವ ಹನ್ನೊಂದು ಹೆಂಗಸರಿಗೆ ಮಾತ್ರ ಹೇಳಿದಳು. ಯಾರಿಗೂ ಹೇಳಬೇಡಿ ಎಂದು ಹೇಳಿಯೇ ಹೇಳಿದಳು.

ಗುರುವಾರದಿಂದ ಊಟ ಬರತೊಡಗಿತು. ಒಟ್ಟರ್ ಬೆಂಡಿನಲ್ಲಿ ಯಾರ ಮನೆಗೆ ಕಷ್ಟ ಬಂದರೂ ಜನ ಮಾತಾಡುವುದಿಲ್ಲ, ಹಾಟ್‌ಡಿಶ್ ತಂದುಕೊಡುತ್ತಾರೆ. ಕೊಚ್ಚಿದ ಮಾಂಸ, ಆಲೂಗಡ್ಡೆ, ಮೇಲೊಂದು ಹೊದಿಕೆ ಚೀಸ್. ಕಷ್ಟ ಎಷ್ಟು ದೊಡ್ಡದೋ ಚೀಸ್ ಅಷ್ಟು ದಪ್ಪ. ಆರ್ವಿನ್ನನಿಗೆ ಬಂದವುಗಳ ಮೇಲೆ ಚೀಸ್ ಎರಡು ಬೆರಳು ದಪ್ಪವಿತ್ತು. ತಂದವರು ಅವನ ಕೈಹಿಡಿದು, "ನೀನು ಧೈರ್ಯವಂತ ಆರ್ವಿನ್," ಎಂದು ಹೇಳಿ ಕಣ್ಣೊರೆಸಿಕೊಂಡು ಹೋದರು.

ಆರ್ವಿನ್ನನಿಗೆ ಅರ್ಥವಾಗಿಹೋಯಿತು. ಬಿಯರಿನ ಸುದ್ದಿ ಹೇಗೋ ಹೊರಬಿದ್ದಿದೆ. ಒಬ್ಬ ಕುಶಲಕರ್ಮಿಗೆ ಊರು ಇಷ್ಟು ಮರ್ಯಾದೆ ಕೊಡುತ್ತದೆಂದು ಗೊತ್ತಿದ್ದರೆ ಈ ಕೆಲಸಕ್ಕೆ ಹತ್ತು ವರ್ಷ ಮೊದಲೇ ಕೈಹಾಕುತ್ತಿದ್ದೆ ಎಂದುಕೊಂಡ. ಒಂದೇ ತೊಂದರೆ: ಹದಿನಾಲ್ಕು ಹಾಟ್‌ಡಿಶ್ ಇಡಲು ಜಾಗವಿರಲಿಲ್ಲ. ಇಡಬೇಕಾದ ಪೆಟ್ಟಿಗೆಯಲ್ಲಿ ಈಗ ಪೀಪಾಯಿ ಕೂರಬೇಕಿತ್ತು. ಕೆಡಿಸಲು ಮನಸ್ಸಾಗದೆ ಮೂರು ಹೊತ್ತೂ ಅದನ್ನೇ ತಿಂದ. ಹತ್ತು ದಿನದಲ್ಲಿ ಅವನ ಕೆನ್ನೆ ಉಬ್ಬಿತು, ಅಂಗಿಯ ಗುಂಡಿ ಬಿಗಿಯಾಯಿತು.

"ಮೈಯಲ್ಲಿ ನೀರು ತುಂಬ್ಕೊಳ್ತಿದೆ ಪಾಪ," ಎಂದರು ಕೌದಿಯ ಹೆಂಗಸರು. ಇನ್ನೂ ನಾಲ್ಕು ಹಾಟ್‌ಡಿಶ್ ಬಂದವು.

ಎರಡನೆಯ ವಾರದ ಕೊನೆಗೆ ಚರ್ಚಿನ ಪಾಸ್ಟರ್ ಸಂಡೀನ್ ಬಂದರು. ಬಿಯರ್ ಆಗ ನೆಲಮಾಳಿಗೆಯಲ್ಲಿ ಮುಚ್ಚಿದ ಡ್ರಮ್ಮಿನೊಳಗೆ ಹುಳಿಯುತ್ತಿತ್ತು. ಆರ್ವಿನ್ ಅದರ ಗುಳುಗುಳು ಕೇಳಿ ಮೇಲೆ ಬಂದಿದ್ದನಷ್ಟೆ. ಮುಖದ ಮೇಲೆ ಒಂದು ಬಗೆಯ ಶಾಂತಿಯಿತ್ತು. ಬಿಯರ್ ಮಾಡುವವನು ದುಡುಕಬಾರದು ಎಂದು ಅವನು ಓದಿದ್ದ.

"ಹೇಗಿದ್ದೀಯ ಆರ್ವಿನ್?"

"ಕಾಯ್ತಾ ಇದ್ದೀನಿ ಪಾಸ್ಟರ್. ನನ್ನ ಕೈಲಿದ್ದದ್ದೆಲ್ಲ ಮಾಡಿ ಆಯ್ತು. ಇನ್ನು ಅದರ ಪಾಡಿಗೆ ಅದು."

ಪಾಸ್ಟರ್ ಗಂಟಲು ಸರಿಮಾಡಿಕೊಂಡರು. "ನೋವಿದೆಯಾ?"

"ಬೆನ್ನು ಸ್ವಲ್ಪ. ಆ ಪೆಟ್ಟಿಗೆ ಒಳಗೆ ಮಲಗೋದು ಸುಲಭ ಅಲ್ಲ."

"ಹೆದರಿಕೆ?"

"ಮೊದಮೊದಲು ಇತ್ತು. ಎಲ್ಲಾದರೂ ಸೋರಿಬಿಟ್ಟರೆ ಅಂತ."

ಏನು ಸೋರುತ್ತದೆ ಎಂದು ಪಾಸ್ಟರ್ ಕೇಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಇದಾದ ಮೇಲೆ ಏನು ಅಂತ ಯೋಚನೆ ಮಾಡಿದ್ದೀಯಾ?" ಎಂದರು.

"ಈ ಸಲದ್ದು ಹೇಗಾಗುತ್ತೋ ನೋಡೋಣ. ಚೆನ್ನಾಗಿ ಆದರೆ ಕ್ರಿಸ್‌ಮಸ್‌ಗೆ ಇನ್ನೊಂದು ಸಲ."

ಮೂವತ್ತು ವರ್ಷದ ಸೇವೆಯಲ್ಲಿ ಪಾಸ್ಟರ್ ಸಂಡೀನ್ ಸತ್ತು ಮತ್ತೆ ಏಳುವ ಪುನರುತ್ಥಾನದಲ್ಲಿ ನಂಬಿಕೆಯಿಟ್ಟವರನ್ನು ಬೇಕಾದಷ್ಟು ನೋಡಿದ್ದರು. ತಿಂಗಳು ಗೊತ್ತುಮಾಡಿಕೊಂಡವನನ್ನು ನೋಡಿರಲಿಲ್ಲ. ಆ ಭಾನುವಾರದ ಉಪದೇಶದಲ್ಲಿ ಹೆಸರು ಹೇಳದೆ ಅವನನ್ನೇ ಕುರಿತು ಇಪ್ಪತ್ತು ನಿಮಿಷ ಮಾತಾಡಿದರು. ಹಿಂದಿನ ಸಾಲಿನಲ್ಲಿ ಕೂತ ಆರ್ವಿನ್, ಇದು ಯಾರೋ ದೊಡ್ಡ ಮನುಷ್ಯನ ಕಥೆಯಿರಬೇಕೆಂದು ತಲೆದೂಗಿದ.

ಇನ್ನೊಂದು ಪಕ್ಕದ ಮನೆಯವನು ಗೋರ್ಡಿ. ಗೋರ್ಡಿಯ ಮೇಪಲ್ ಮರದ ಎಲೆ ಪ್ರತಿ ವರ್ಷ ಆರ್ವಿನ್ನನ ಮಾಡಿನ ಮಳೆನೀರ ದೋಣಿಗೆ ಬಿದ್ದು ನೀರು ಕಟ್ಟಿಕೊಳ್ಳುತ್ತಿತ್ತು. ಈ ಕಾರಣಕ್ಕೆ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷ. ಅಂಥ ಗೋರ್ಡಿ ಸೋಮವಾರ ಬೇಲಿಯ ಹತ್ತಿರ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆ ಮರದ ವಿಷಯ ಆರ್ವಿನ್... ನೀನು ಹೇಳಿದ್ದೇ ಸರಿ ಕಣಯ್ಯ. ನಾನು ಹಟ ಮಾಡಿದೆ."

ಆರ್ವಿನ್ ಮೇಲೆ ನೋಡಿದ. ಎಲೆಗಳು ಹೆಚ್ಚು ಉಳಿದಿರಲಿಲ್ಲ. ಕೀರ್ತಿ ಬಂದವನು ದೊಡ್ಡ ಮನಸ್ಸು ಮಾಡಬೇಕು ಎನ್ನಿಸಿತು.

"ಬಿಡು ಗೋರ್ಡಿ. ಇನ್ನೆಷ್ಟು ದಿನ ಹೇಳು. ಒಂದು ವಾರ. ಆಮೇಲೆ ಎಲ್ಲಾ ಉದುರಿ ಮುಗಿದುಹೋಗುತ್ತೆ."

ಗೋರ್ಡಿ ಮುಖ ತಿರುಗಿಸಿಕೊಂಡು ಹೊರಟುಹೋದ. ಮಾರನೆಯ ಬೆಳಗ್ಗೆ ಗರಗಸದ ಸದ್ದಿಗೆ ಆರ್ವಿನ್ನನಿಗೆ ಎಚ್ಚರವಾಯಿತು. ಗೋರ್ಡಿಯ ಅಪ್ಪ ನೆಟ್ಟಿದ್ದ ಮೇಪಲ್ ಮರ ಮಧ್ಯಾಹ್ನದ ಹೊತ್ತಿಗೆ ಸೌದೆಯಾಗಿತ್ತು.

ಕಚೇರಿಯಲ್ಲೂ ಹಾಗೆಯೇ. ಮೇಲಧಿಕಾರಿ ಲೊರೇನ್ ಅವನನ್ನು ಒಳಗೆ ಕರೆದು, ತಾನೇ ಎದ್ದು ಬಾಗಿಲು ಹಾಕಿದಳು.

"ನಾಳೆಯಿಂದ ನೀನು ಬರೋದು ಬೇಡ ಆರ್ವಿನ್. ಮನೇಲಿರು. ನಿನ್ನ ಕುರ್ಚಿ ಬಗ್ಗೆ ಚಿಂತೆ ಮಾಡಬೇಡ, ಅದಕ್ಕೆ ಆಗಲೇ ಒಬ್ಬರನ್ನ ನೋಡಿದ್ದೀವಿ."

"ತುಂಬಾ ಉಪಕಾರ ಆಯ್ತು ಮೇಡಂ. ಕೊನೇ ವಾರ ಹತ್ತಿರ ಇರಲೇಬೇಕು. ಶನಿವಾರ ನಾಲ್ಕು ಗಂಟೆಗೆ ಆಗುತ್ತೆ, ನೀವೂ ಬನ್ನಿ."

ಲೊರೇನ್ ಬೆಚ್ಚಿದಳು. "ಅಷ್ಟು ಸರಿಯಾಗಿ ಹೇಗೆ ಹೇಳ್ತೀಯ?"

"ನಾನೇ ಅಲ್ವಾ ಗ್ಯಾಸ್ ಬಿಡೋದು," ಎಂದ ಆರ್ವಿನ್.

ಈ ಮಾತು ಲೊರೇನ್‌ಳಿಂದ ಊರಿಗೆ ಹೋಗಿ, ಊರಿನಿಂದ ಮಿಸೆಸ್ ಲುಬೆಕ್‌ಗೆ ಬಂದಾಗ ಆಕೆಗೆ ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಶನಿವಾರ ಮಧ್ಯಾಹ್ನ ಡುಲುತ್‌ಗೆ ಫೋನ್ ಮಾಡಿದಳು.

ಶನಿವಾರ ನಾಲ್ಕಕ್ಕೆ ಗ್ಯಾರೇಜಿನ ಮುಂದೆ ನಲವತ್ತು ಜನ ಸೇರಿದರು. ಎಲ್ಲರೂ ಭಾನುವಾರದ ಬಟ್ಟೆ ಹಾಕಿದ್ದರು. ಬಿಯರ್ ಕುಡಿಯಲು ಕಪ್ಪು ಕೋಟೇಕೆ ಎಂದು ಆರ್ವಿನ್ನನಿಗೆ ಕ್ಷಣಕಾಲ ಅನ್ನಿಸಿದರೂ, ಸಮಾರಂಭದ ಘನತೆಗೆ ಅದೇ ಸರಿ ಎನ್ನಿಸಿತು. ಪೆಟ್ಟಿಗೆಯ ಮೇಲೆ ಬಿಳಿ ಮಂಚದ ಹಾಸು ಹೊದಿಸಿದ್ದ. ಚರ್ಚಿನ ಗಾಯಕರು ಒಂದು ನಿಧಾನದ ಹಾಡು ಹಾಡಿದರು. ಪಾಸ್ಟರ್ ಮುಂದೆ ಬಂದರು.

"ನಾವೆಲ್ಲ ಹೆದರಿ ಓಡೋ ವಸ್ತುವನ್ನ ಈ ಮನುಷ್ಯ ತನ್ನ ಕೈಯಾರೆ ಕಟ್ಟಿದ. ಓಕ್ ಮರದಲ್ಲಿ ಕಟ್ಟಿದ," ಎಂದರು. ಕಣ್ಣೊರೆಸಿಕೊಂಡರು. ಪೈನ್ ಅಲ್ಲ, ಓಕ್ ಎಂಬುದನ್ನು ಗಮನಿಸಿದ್ದಾರಲ್ಲ ಎಂದು ಆರ್ವಿನ್ನನ ಕಣ್ಣಲ್ಲೂ ನೀರು ಬಂತು. ನಲವತ್ತು ಜನ ಅತ್ತರು.

ಆರ್ವಿನ್ ಹಾಸು ಸರ್ರನೆ ಎಳೆದ. ಎರಡು ಹಿತ್ತಾಳೆ ನಲ್ಲಿಗಳು ಥಳಥಳ ಹೊಳೆದವು. ಒಂದರ ಹಿಡಿ ಎಳೆದ. ಮೊದಲು ಪುಸ್ಸೆಂದಿತು, ಆಮೇಲೆ ನೊರೆ, ಆಮೇಲೆ ಕಂದುಬಣ್ಣದ ಬಿಯರು. ಲೋಟವನ್ನು ಮೇಲೆತ್ತಿ ಹಿಡಿದ. ಯಾರೂ ಬೆನ್ನು ತಟ್ಟಲಿಲ್ಲ.

ಮಿಸೆಸ್ ಲುಬೆಕ್ ಹತ್ತಿರ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. "ಇದರಲ್ಲಿ ಮಲಗೋಕೆ ಜಾಗ ಎಲ್ಲಿದೆ?"

"ಯಾರು ಮಲಗೋಕೆ?"

"ನೀನು."

"ನಾನ್ಯಾಕೆ ಮಲಗಲಿ? ಇದು ಬಿಯರಿಗೆ."

ಗೋರ್ಡಿ ಜನರನ್ನು ಸರಿಸಿ ಮುಂದೆ ಬಂದ.

"ಅಂದ್ರೆ ನೀನು ಸಾಯ್ತಿಲ್ವಾ?"

ಆರ್ವಿನ್ ಒಂದೊಂದೇ ಮುಖ ನೋಡಿದ. ಕಪ್ಪು ಕೋಟು, ಕರವಸ್ತ್ರ, ಹಾಡಿನ ಪುಸ್ತಕ. ಎರಡು ವಾರದ ಕೀರ್ತಿ ಕಾಲಿನ ಕಡೆಯಿಂದ ಇಳಿದುಹೋಗುತ್ತಿರುವುದು ಅವನಿಗೆ ಸ್ಪಷ್ಟವಾಗಿ ತಿಳಿಯಿತು.

"ಇಲ್ಲ," ಎಂದ. ಎಲ್ಲರ ಮುಖ ಇಳಿದದ್ದು ನೋಡಿ, "ನನಗೆ ಗೊತ್ತಿರೋ ಹಾಗೆ ಇಲ್ಲ," ಎಂದು ತುಸು ಸಡಿಲಿಸಿದ.

"ಡಾಕ್ಟರ್ ಹತ್ರ ಸರಿಯಾಗಿ ತೋರಿಸಿದ್ದೀಯಾ?" ಗೋರ್ಡಿ ಅಷ್ಟು ಸುಲಭಕ್ಕೆ ಆಸೆ ಬಿಡುವವನಲ್ಲ. "ಮುಖ ನೋಡು ಹೇಗೆ ಊದಿದೆ."

"ಅದು ಹಾಟ್‌ಡಿಶ್."

"ನಮ್ಮಪ್ಪನ ಮರ ಕಣೋ ಅದು."

"ನಾನು ಕಡಿ ಅಂದೆನಾ?"

"ಸಾಯ್ತೀನಿ ಅಂದೆ."

"ಎಲೆ ಉದುರುತ್ತೆ ಅಂದೆ."

ಲೊರೇನ್ ತನ್ನ ಕೈಚೀಲದ ಕಡೆ ನೋಡುತ್ತಾ, "ಸೋಮವಾರ ಹೊಸಬ ಬರ್ತಾನೆ ಆರ್ವಿನ್, ಕಾಗದ ಎಲ್ಲ ಹೋಗಿಬಿಟ್ಟಿದೆ," ಎಂದಳು. "ಗುಂಡಿ ಮುಚ್ಚೋ ಕಡೆ ಒಂದು ಜಾಗ ಖಾಲಿ ಇದೆ. ಬೇಕಾದ್ರೆ ನೋಡೋಣ."

ಪಾಸ್ಟರ್ ಸಂಡೀನ್ ಮಾತ್ರ ದೇವರಿಗೆ ಸ್ತೋತ್ರ ಹೇಳಿದರು. ಆದರೆ ಸಂತೋಷದ ಸುದ್ದಿ ಕೇಳಿದವರ ಉತ್ಸಾಹ ಆ ದನಿಯಲ್ಲಿರಲಿಲ್ಲ. ಆ ಇಪ್ಪತ್ತು ನಿಮಿಷದ ಉಪದೇಶವನ್ನು ಪಕ್ಕದ ಊರಿನ ಮೂರು ಚರ್ಚುಗಳಿಗೂ ಕಳಿಸಿಕೊಟ್ಟಿದ್ದರು. "ಬಂದದ್ದಂತೂ ಬಂದಿದ್ದೀವಿ," ಎಂದು ನಿಟ್ಟುಸಿರುಬಿಟ್ಟು ಒಂದು ಲೋಟ ತೆಗೆದುಕೊಂಡರು.

ಕೋಪ ಎಷ್ಟೇ ಇದ್ದರೂ, ತುಂಬಿದ ಪೀಪಾಯಿಯನ್ನು ಬಿಟ್ಟು ಎದ್ದುಹೋಗುವ ಪದ್ಧತಿ ಒಟ್ಟರ್ ಬೆಂಡಿನಲ್ಲಿಲ್ಲ. ಸಾಲು ಕಟ್ಟಿದರು. ಬಿಯರು ಒದ್ದೆ ಬ್ರೆಡ್ಡಿನ ಹಾಗಿತ್ತು. ಕೊನೆಯಲ್ಲಿ ಸ್ವಲ್ಪ ಅಂಟಿನ ರುಚಿ. ಗೋರ್ಡಿ ನಾಲ್ಕು ಲೋಟ ಕುಡಿದ, ಪ್ರತಿ ಲೋಟಕ್ಕೂ ಹೊಸದಾಗಿ ಬೈದ. ಆರ್ವಿನ್ ಬದುಕಿರುವುದಕ್ಕೆ ಒಬ್ಬೊಬ್ಬರ ಹತ್ತಿರವೂ ಕ್ಷಮೆ ಕೇಳುತ್ತಾ ನಲ್ಲಿ ಎಳೆದ.

ಆಗ ಡಾರ್ಲಾಳ ಕಾರು ಹುಲ್ಲಿನ ಮೇಲೆಯೇ ಹತ್ತಿ ಬಂದು ನಿಂತಿತು. ಅವಳು ಬಾಗಿಲು ಹಾಕದೆ ಓಡಿಬಂದಳು. ಮುಖವೆಲ್ಲ ಅತ್ತು ಕೆಂಪಾಗಿತ್ತು. ಮಿಸೆಸ್ ಲುಬೆಕ್ ಅಡ್ಡ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಗಟ್ಟಿ ಮನಸ್ಸು ಮಾಡ್ಕೋ ಡಾರ್ಲಾ. ಅವನು ಚೆನ್ನಾಗೇ ಇದ್ದಾನೆ."

ಜನ ಕರಗಿದರು. ಹೋಗುವಾಗ ಹೆಂಗಸರು ಅಡುಗೆಮನೆಗೆ ನುಗ್ಗಿ ತಮ್ಮ ತಮ್ಮ ಹಾಟ್‌ಡಿಶ್ ಪಾತ್ರೆಗಳನ್ನು, ಉಳಿದದ್ದಿದ್ದರೆ ಅದರ ಸಮೇತ, ಎತ್ತಿಕೊಂಡು ಹೋದರು. ಗ್ಯಾರೇಜಿನಲ್ಲಿ ಗಂಡ, ಹೆಂಡತಿ, ಪೆಟ್ಟಿಗೆ ಉಳಿದರು. ಡಾರ್ಲಾ ಮಡಿಸುವ ಕುರ್ಚಿಯೊಂದನ್ನು ಬಿಡಿಸಿ ಕೂತಳು. ಪೆಟ್ಟಿಗೆಯೊಳಗೆ ಕತ್ತು ಚಾಚಿ ನೋಡಿದಳು.

"ನನ್ನ ಜಿಂಕೆ ಎಲ್ಲಿ?" ಎಂದಳು.

"ಕೊಟ್ಟುಬಿಟ್ಟೆ."

"ಒಂದು ಲೋಟ ಕೊಡು."

ಕೊಟ್ಟ. ಈ ಘಳಿಗೆಯನ್ನೇ ಅವನು ಮೂರು ವಾರ ಕಣ್ಣಲ್ಲಿ ಕಟ್ಟಿಕೊಂಡು ಕಾದಿದ್ದು. ಡಾರ್ಲಾ ಒಂದು ಗುಟುಕು ಕುಡಿದಳು, ಬಾಯಿ ಒರೆಸಿಕೊಂಡಳು.

"ಚೆನ್ನಾಗಿಲ್ಲ," ಎಂದಳು.

"ಕರ್ಟ್‌ದಕ್ಕಿಂತ?"

"ಕರ್ಟ್‌ದೂ ಚೆನ್ನಾಗಿಲ್ಲ. ಯಾರೂ ಹೇಳಲ್ಲ ಅಷ್ಟೆ." ಇನ್ನೊಂದು ಗುಟುಕು ಕುಡಿದಳು. "ಡುಲುತ್‌ನಿಂದ ಇಲ್ಲಿಗೆ ನಾಲ್ಕು ಗಂಟೆ ದಾರಿ ಆರ್ವಿನ್. ನಾಲ್ಕು ಗಂಟೆ ನಾನು ಏನು ಮಾಡಿದೆ ಗೊತ್ತಾ?"

"ಅತ್ತೆಯಾ?"

"ಅತ್ತೆ. ಅಳ್ತಾ ಅಳ್ತಾ ನಿನ್ನನ್ನ ಕ್ಷಮಿಸಿದೆ. ಒಂದೊಂದೇ. ಡುಲುತ್ ಸೇತುವೆ ದಾಟುವಾಗ ನಮ್ಮಪ್ಪನ ದೋಣಿ ಮುಳುಗಿಸಿದ್ದನ್ನ ಕ್ಷಮಿಸಿದೆ. ಸ್ಪೂನರ್ ಊರಿನ ಹತ್ರ ಬಂದಾಗ, ಮದುವೆ ದಿನ ಟೈರ್ ಕೊಳ್ಳೋಕೆ ಹೋಗಿದ್ದನ್ನ. ರೈಸ್ ಲೇಕ್ ಬಂದಾಗ, ನನ್ನ ನಲವತ್ತನೇ ಹುಟ್ಟುಹಬ್ಬಕ್ಕೆ ಮೈತೂಕ ನೋಡ್ಕೊಳ್ಳೋ ತಕ್ಕಡಿ ತಂದುಕೊಟ್ಟಿದ್ದನ್ನ. ಓ ಕ್ಲೇರ್ ಊರು ಬರೋಷ್ಟರಲ್ಲಿ ನಿಮ್ಮಮ್ಮನನ್ನೂ ಕ್ಷಮಿಸಿಬಿಟ್ಟಿದ್ದೆ. ನಿಮ್ಮಮ್ಮನನ್ನು ಕ್ಷಮಿಸೋಕೆ ಹದಿನೈದು ಮೈಲಿ ಹಿಡೀತು."

"ಅಯ್ಯೋ ಡಾರ್ಲಾ," ಎಂದ ಆರ್ವಿನ್.

"ಈಗ ನೋಡು, ಅಷ್ಟನ್ನೂ ವಾಪಸ್ ತಗೋಬೇಕು."

ಆರ್ವಿನ್ ಇನ್ನೊಂದು ಕುರ್ಚಿ ಬಿಡಿಸಿ ಅವಳ ಪಕ್ಕ ಕೂತ. ಬಾಗಿಲಾಚೆ, ಮೇಪಲ್ ಮರವಿದ್ದ ಜಾಗದಲ್ಲಿ ಈಗ ಧಾರಾಳವಾಗಿ ಆಕಾಶ ಕಾಣುತ್ತಿತ್ತು.

"ಎಲ್ಲಿಂದ ಶುರು ಮಾಡ್ತೀಯ?" ಎಂದು ಕೇಳಿದ.

"ಸೇತುವೆಯಿಂದ," ಎಂದು ಡಾರ್ಲಾ ಲೋಟ ಮುಂದೆ ಹಿಡಿದಳು.

ಅವನು ನಲ್ಲಿ ಎಳೆದ. ಮಾತು ಸ್ಪೂನರ್ ದಾಟುವಾಗ ಇಬ್ಬರಿಗೂ ಎರಡನೆಯ ಲೋಟವಾಗಿತ್ತು. ತಕ್ಕಡಿಯ ವಿಷಯ ಬಂದಾಗ ಆರ್ವಿನ್ ಬಾಯಿ ತೆರೆದು, ಯೋಚಿಸಿ, ಮುಚ್ಚಿಕೊಂಡ. ಅವನ ತಾಯಿಯ ಸರದಿ ಬರುವ ಹೊತ್ತಿಗೆ ನಲ್ಲಿಯಿಂದ ಬರೀ ಗಾಳಿ ಬರುತ್ತಿತ್ತು.